ಕುಕ್ಕರ್ ಕೂಗಿದ್ದಕ್ಕೆ ರಿವರ್ಸ್ ಹೋದವರಿಗೆ

ರೀ,

ನಾನು ಹೊರಗೆ ಹೊರಟೆ, ಮೆಕ್ಯಾನಿಕ್ ಈಗ ಬರ್ತಾನೆ. ನಮ್ಮ ಮನೆ-ಗಾಡಿ ಮೋಟರ್‌ಹೋಮಿಗೆ ಹಿಂದಿನ ಕ್ಯಾಮೆರಾನೇ ಹಾಕಿಸಿ. ಪೀಂ ಪೀಂ ಅನ್ನೋ ಸೆನ್ಸರ್ ಸುತರಾಂ ಬೇಡ. ಅದು ನಿಲ್ಲಿಸಿ ಅಂತ ಕೂಗಿದ್ರೆ ನೀವು ಇನ್ನೂ ಹಿಂದಕ್ಕೆ ಬಿಡ್ತೀರಿ. ಬಸ್ ಡ್ರೈವರ್ ಕೆಲಸದಿಂದ ರಿಟೈರ್ ಆದ್ರೂ, ಕಂಡಕ್ಟರ್ ಹೊಡೆಯೋ ಹಾಗೆ ಎರಡು ಸೀಟಿ ಕೇಳಿದ ತಕ್ಷಣ ರಿವರ್ಸ್ ಹೋಗೋ ಚಾಳಿ ನಿಮ್ಮನ್ನ ಬಿಟ್ಟಿಲ್ಲ.

ನಿನ್ನೆ ಸೀಟಿ ಹೊಡೆದಿದ್ದು ನಾನಲ್ಲ ಮಾರಾಯರೇ, ಅಡುಗೆಮನೆ ಕುಕ್ಕರ್! ಗಾಡಿ ಹಿಂದೆ ನಿಂತು ಸೀಟಿ ಹೊಡೆಯೋಕೆ ಬರೋಣ ಅಂತ ನಾನಿನ್ನೂ ಚಪ್ಪಲಿ ಹಾಕ್ಕೊಳ್ತಿದ್ದೆ. ಅಷ್ಟರಲ್ಲಿ ಅತ್ತೆ ಬಟ್ಟೆ ಒಣಗಿಸೋ ಕಂಬ ನೆಲ ಕಚ್ಚಿತ್ತು. ಬೈಗುಳ ಮಾತ್ರ ಕುಕ್ಕರ್ ಇಟ್ಟ ನನಗೆ.

ಆಲೂಗಡ್ಡೆ ಕುಕ್ಕರಲ್ಲಿದೆ. ಗಾಡಿ ಕೀಲಿ ಅತ್ತೆ ಕೈಗೆ ಕೊಟ್ಟ ಮೇಲೇ ಒಲೆ ಹಚ್ಚಿ.

ಮತ್ತೆ, ಕ್ಯಾಮೆರಾ ಬಂತು ಅಂತ ನನ್ನನ್ನ ಕಂಡಕ್ಟರ್ ಕೆಲಸದಿಂದ ತೆಗೀಬೇಡಿ. ಸೀಟಿ ನನ್ನ ಪರ್ಸಲ್ಲೇ ಇರುತ್ತೆ.