ಅಪ್ಪನ ತಿಥಿಯ ಮೂರನೇ ಶ್ಲೋಕ

ಅತ್ತೆಯ ಮನೆಯಲ್ಲಿ ನೆರೆದಿರುವ ಸಮಸ್ತ ಬಂಧುಗಳೇ, ಕಿವಿಗೊಟ್ಟು ಕೇಳಿ! ಅತ್ತೆ, ಈ ಕಾಗದವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ.

ನಿನ್ನೆ ಅಪ್ಪನ ತಿಥಿಯಲ್ಲಿ ನಾನು ಪಿತೃಸ್ತುತಿ ಹೇಳಿದಾಗ ಎಲ್ಲರೂ ಕಣ್ಣೊರೆಸಿಕೊಂಡಿರಿ. ನಿಜ ಹೇಳುತ್ತೇನೆ, ಮೂರನೇ ಶ್ಲೋಕ ನನಗೆ ಮರೆತೇಹೋಗಿತ್ತು. ನಿಲ್ಲಿಸಿದರೆ ನಟನಾದ ನನ್ನ ಮಾನ ಹೋದೀತೆಂದು, ನಮ್ಮ ನಾಟಕದಲ್ಲಿ ಹೊಗಳುಭಟರು ರಾಜನನ್ನು ಕೊಂಡಾಡುವ ಸಂಸ್ಕೃತ ಪದ್ಯವನ್ನೇ ಅದೇ ಧಾಟಿಯಲ್ಲಿ ಹಾಡಿಬಿಟ್ಟೆ. ಅಪ್ಪನಿಗೆ ಎಳ್ಳುನೀರು ಬಿಡುತ್ತಾ ಬಣ್ಣ ಹಚ್ಚಿದ ರಾಜನನ್ನು ಹೊಗಳಿದೆ.

“ಏನ್ ಕಂಠನೋ ನಿಂದು! ಅಣ್ಣ ಕೇಳಿಸ್ಕೊಂಡಿರ್ತಾನೆ ಬಿಡು,” ಎಂದು ಚಿಕ್ಕಪ್ಪ ಬೆನ್ನು ತಟ್ಟಿದರು. ಶ್ಲೋಕ ಕಲಿಸಿದ್ದ ನೀವು ಮಾತ್ರ ತಲೆ ಎತ್ತಲಿಲ್ಲ, ಅತ್ತೆ.

ನಾಳೆ ಬೆಳಿಗ್ಗೆ ಸ್ನಾನ ಮಾಡಿ ನಿಮ್ಮ ಬಾಗಿಲಿಗೆ ಬರುತ್ತೇನೆ. ಮತ್ತೊಮ್ಮೆ ಕಲಿಸಿ. ಅಪ್ಪನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳುತ್ತೇನೆ.

ಇಂತಿ,
ನಿಮ್ಮ ಅಣ್ಣನ ಮಗ