ಬೆಳಗಿನ ಗಾಳಿ ಸೊನ್ನೆ

ಚನ್ನರಾಯಪಟ್ಟಣ
ಜನವರಿ 2004

ರೀ,

ನೀವು ಹೋಗಿ ವರ್ಷವಾಗ್ತಾ ಬಂತು. ಈ ಕಾಗದ ಎಲ್ಲಿಗೂ ಹೋಗಲ್ಲ, ಗೊತ್ತು. ಆದರೂ ಇವತ್ತು ಆದದ್ದನ್ನ ನಿಮಗೆ ಹೇಳದೆ ಸಮಾಧಾನ ಇಲ್ಲ.

ತಾರಸಿ ಮೇಲೆ ನೀವು ನಿಲ್ಲಿಸಿದ ಗಾಳಿ ಅಳೆಯೋ ಯಂತ್ರ ಒಂದು ವಾರದಿಂದ ಹುಚ್ಚಾಟ ಆಡ್ತಿತ್ತು. ಬೆಳಿಗ್ಗೆ ತೆಂಗಿನ ಗರಿ ಬಡಿದಾಡ್ತಿದ್ರೂ ಮನೆಯೊಳಗಿರೋ ಅದರ ಅಂಕಿ ಡಬ್ಬಿ ಸೊನ್ನೆ ತೋರಿಸೋದು; ಮಧ್ಯಾಹ್ನ ತಾನೇ ಸರಿಹೋಗೋದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಅಂತ ನನ್ನನ್ನ ಅದರ ಹತ್ರಕ್ಕೂ ಬಿಡ್ತಿರಲಿಲ್ಲ ನೀವು. ನನ್ನ ಕೈಲೇ ಕೆಡ್ತೇನೋ ಅಂದ್ಕೊಂಡೆ. ನಿಮ್ಮ ಸ್ಕೂಲಿನ ಹಂಸ ಮೇಡಂ ಈಗಲೂ ದಿನಾ ಫೋನ್ ಮಾಡಿ ಗಾಳಿ ಎಷ್ಟು ಅಂತ ಕೇಳ್ತಾರೆ. ಇವತ್ತೂ ಸೊನ್ನೆ ಅಂದೆ. ಬಂದೇಬಿಟ್ಟರು. ಏಣಿ ಎಲ್ಲಿದೆ ಅಂತ ಕೇಳಲೂ ಇಲ್ಲ, ನೇರ ಹಿತ್ತಲಿಗೆ ಹೋಗಿ ತಂದರು.

ತಿರುಗೋ ಬಟ್ಟಲುಗಳ ಬುಡ ಮುಟ್ಟಿ ಬೆರಳು ಮೂಸಿದರು. "ಶ್ರೀರಂಗಮ್ಮನೋರೇ, ಕೊಬ್ಬರಿ ಎಣ್ಣೆ ಬಿಟ್ರಾ?"

"ಕಿರ್ ಅಂತಿತ್ತು. ದೇವರಮನೆ ಬಾಗಿಲಿಗೂ ಅದೇ ಬಿಡೋದು."

"ಚಳಿಗೆ ಗಟ್ಟಿಯಾಗತ್ತೆ, ಬಿಸಿಲಿಗೆ ಕರಗತ್ತೆ." ಆಮೇಲೆ ನಕ್ಕರು. "ಸಾರ್ ಕೂಡ ಮೊದಲನೇ ವರ್ಷ ಇದೇ ಕೆಲಸ ಮಾಡಿದ್ರು. ಆಮೇಲೆ ನಿಮ್ಮ ಹೊಲಿಗೆ ಮೆಷಿನ್ ಎಣ್ಣೆ ಕದ್ದು ಬಿಡ್ತಿದ್ರಂತೆ!"

ಸೀಮೆಎಣ್ಣೆಯಲ್ಲಿ ಒರೆಸಿ, ನನ್ನ ಮೆಷಿನ್ ಎಣ್ಣೇನೇ ಬಿಟ್ಟರು. ಈಗ ಚೆನ್ನಾಗಿ ತಿರುಗ್ತಿದೆ.

ಆ ವರ್ಷ ಎಣ್ಣೆ ಬೇಗ ಮುಗಿದುಹೋಗ್ತಿದೆ, ಸೀಸೆ ಸೋರತ್ತೆ ಅಂತ ಅಂಗಡಿಯವನ ಹತ್ರ ಜಗಳ ಆಡಿದ್ದೆ. ನೀವು ಪಕ್ಕದಲ್ಲೇ ನಿಂತಿದ್ರಿ. ಹಂಸ ಮೇಡಂಗೆ ಹೇಳಿದ್ದನ್ನ ನನಗೂ ಹೇಳಿದ್ರೆ ನಾನೂ ನಗ್ತಿದ್ದೆ ರೀ.

ನಾಳೆ ಫೋನ್ ಬಂದ್ರೆ ಗಾಳಿ ಎಷ್ಟು ಅಂತ ಹೇಳ್ತೀನಿ. ಏಣಿ ಮಾತ್ರ ಒಳಗಿಟ್ಟು ಬೀಗ ಹಾಕಿದೀನಿ; ಬೇಕಾದವರು ನನ್ನ ಕೇಳಲಿ.