ಬೀಸುಕಲ್ಲಿನ ಮೇಲೊಂದು ನಕ್ಷತ್ರ

ಭಾಲ್ಕಿ,
೧೨ ನವೆಂಬರ್ ೧೯೩೫

ನಮ್ಮ ಮನೆಯವರಿಗೆ ಶಿವಕಾಂತಾ ಮಾಡುವ ಶರಣು ಶರಣಾರ್ಥಿ.

ನಿಮ್ಮ ಕೆಮ್ಮು ಕಡಿಮೆಯಾಯಿತೆ? ಚಳಿಯಲ್ಲಿ ದುರ್ಬೀನಿನ ಮುಂದೆ ಕೂಡುವಾಗ ಕಿವಿಗೆ ಬಟ್ಟೆ ಸುತ್ತಿಕೊಳ್ಳಿರೆಂದು ಅತ್ತೆಯವರು ಎರಡು ಸಲ ಹೇಳಿ ಬರೆಸಿದ್ದಾರೆ. ಇಲ್ಲಿ ಎಲ್ಲರೂ ಕ್ಷೇಮ. ಎಮ್ಮೆ ಈಯಿತು. ಗಿಣ್ಣ ತಿನ್ನುವಾಗ ನಿಮ್ಮ ನೆನಪಾಯಿತು, ಆದರೂ ತಿಂದೆ.

ನಿಮ್ಮ ಕಾಗದವನ್ನು ಎಲ್ಲರ ಮುಂದೆ ಓದಿದೆ. ಉತ್ತರದ ಆಕಾಶದಲ್ಲಿ ಕಾಣುವ ಐದು ಚುಕ್ಕಿಗಳ ಗುಂಪಿನಲ್ಲಿ ನಡುವಿನದು ತನ್ನ ಸುತ್ತ ತಾನೇ ಬಹಳ ಜೋರಾಗಿ ತಿರುಗಿ, ದುಂಡಗೆ ಉಳಿಯದೆ ನೆತ್ತಿ ತಗ್ಗಿ ನಡು ಉಬ್ಬಿದೆಯೆಂದೂ, ಅಲ್ಲಿಂದ ಸಿಡಿದದ್ದೆಲ್ಲ ಸುತ್ತಲೂ ತಟ್ಟೆಯಂತೆ ನಿಂತಿದೆಯೆಂದು ವಿದ್ವಾಂಸರು ಹೇಳುತ್ತಾರೆಂದೂ ಓದುವಾಗ ನನಗೆ ಮೈ ಜುಮ್ಮೆಂದಿತು. ಮಾವನವರು ಮಾತ್ರ ಎಲೆ ಅಡಿಕೆ ಬಿಟ್ಟು ಎದ್ದರು. "ಚುಕ್ಕಿ ಎಲ್ಲರ ತಿರುಗಿ ಉಬ್ಬತಾವೇನು? ಇಂಥಾದ್ದ ನೋಡ್ಲಿಕ್ಕ ಹೈದರಾಬಾದಿಗಿ ಹೋಗ್ಯಾನೇನು? ಸೋಮವಾರ ಹೋಗಿ ಕರ್ಕೊಂಡ ಬರ್ತೇನಿ. ನಮ್ಮ ಅಡತಿ ಅಂಗಡ್ಯಾಗ ಕಾಳಿನ ಲೆಕ್ಕ ಬರಕೋತ ಕೂಡ್ಲಿ" ಎಂದುಬಿಟ್ಟರು. ಬೀದರದಲ್ಲಿ ಕಷ್ಟಪಟ್ಟು ಓದಿ ನೀವು ಪಡೆದ ವೇಧಶಾಲೆಯ ಕೆಲಸ! ಅದನ್ನು ಬಿಡಿಸುವುದೆ?

ಮಾವನವರ ಮುಂದೆ ನಾನು ಬಾಯಿ ಬಿಡುವವಳಲ್ಲ, ನಿಮಗೆ ಗೊತ್ತು. (ನಿಮ್ಮ ಮುಂದೆ ಬಿಡುವುದು ಬೇರೆ.) ಮರುದಿನ ಮುಂಜಾನೆ ಜೋಳ ಬೀಸುವಾಗ ಅವರು ಪಡಸಾಲೆಯಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಅವರಿಗೆ ಕೇಳಲೆಂದೇ ಅತ್ತೆಯವರಿಗೆ ಹೇಳಿದೆ: "ನೋಡ್ರಿ ಅತ್ತಿ, ಕಲ್ಲ ಸಾವಕಾಶ ತಿರುಗಿಸಿದ್ರ ಹಿಟ್ಟು ಅಂಚಿಗೇ ಬೀಳ್ತದರಿ. ಜೋರ ತಿರುಗಿಸಿದ್ರ ದೂರ ಹಾರಿ ಸುತ್ತಲೂ ಕೈಬಳಿ ಹಾಂಗ ಕೂಡ್ತದ." ಅಷ್ಟಕ್ಕೇ ಬಿಡದೆ, ನೀರಾಗಿ ಕಲಸಿದ ಹಿಟ್ಟಿನ ಮುದ್ದೆಯನ್ನು ಮೇಲಿನ ಕಲ್ಲಿನ ಮೇಲಿಟ್ಟು ಇದ್ದ ಬಲವೆಲ್ಲ ಹಾಕಿ ತಿರುಗಿಸಿದೆ. ಮುದ್ದೆ ಕುಗ್ಗಿತು, ಅಗಲವಾಯಿತು, ನಾನು ಹಿಗ್ಗಿದೆ. ಅಷ್ಟರಲ್ಲಿ ಒಂದು ತುಣುಕು ಸಿಡಿದು ನೇರ ಮಾವನವರ ಬಿಳಿ ಧೋತರಕ್ಕೆ ಅಂಟಿತು! ಅತ್ತೆಯವರು ಸೆರಗು ಬಾಯಿಗೊತ್ತಿಕೊಂಡರು. ಮಾವನವರು ಅದನ್ನು ಬೆರಳಿನಿಂದ ತೆಗೆದು ಬಹಳ ಹೊತ್ತು ನೋಡಿದರು. ಆಮೇಲೆ ಏನು ಮಾಡಿದರು ಗೊತ್ತೆ? ನಮ್ಮ ಮನೆಯ ಗಂಡಸರು ಎಂದೂ ಮುಟ್ಟದ ಕಲ್ಲಿನ ಮುಂದೆ ಕುಳಿತು, ತಾವೇ ಗೂಟ ಹಿಡಿದು ತಿರುಗಿಸಿದರು. ಸುತ್ತ ಬಿದ್ದ ಹಿಟ್ಟು ನೋಡಿ "ಕಲ್ಲಿನ ಗುಣ ಚುಕ್ಕಿಗೂ ಅದ ಅಂತಾಳೇನ ನಿನ್ನ ಸೊಸಿ?" ಎಂದು ಅತ್ತೆಯವರನ್ನು ಕೇಳಿದರು.

ಆದರೂ ಸೋಮವಾರದ ಪ್ರಯಾಣ ನಿಂತಿಲ್ಲ. ಆ ನಕ್ಷತ್ರದ ಉಬ್ಬಿದ ನಡುವನ್ನೂ ತಟ್ಟೆಯನ್ನೂ ಕಣ್ಣಾರೆ ಕಂಡರೆ ನಿಮ್ಮನ್ನು ಅಲ್ಲೇ ಬಿಡುತ್ತಾರಂತೆ, ಇಲ್ಲವಾದರೆ ಗಂಟು ಕಟ್ಟಿಸುತ್ತಾರಂತೆ. ಎಂಥ ದುರ್ಬೀನಿನಲ್ಲೂ ಅದು ಬರೀ ಚುಕ್ಕಿ, ಅದರ ಬೆಳಕನ್ನು ಬಣ್ಣಬಣ್ಣವಾಗಿ ಸೀಳಿ ಅದರಲ್ಲಿ ಕಾಣುವ ಗೆರೆಗಳ ಅಗಲ ಅಳೆದೇ ಇದೆಲ್ಲ ತಿಳಿಯಬೇಕು ಎಂದು ನೀವು ಬರೆದಿದ್ದಿರಲ್ಲ, ಆ ಸಾಲನ್ನು ಎಲ್ಲರ ಮುಂದೆ ಓದುವಾಗ ನಾನು ನುಂಗಿಬಿಟ್ಟಿದ್ದೆ. ಕಣ್ಣಿಗೆ ಕಾಣದ್ದನ್ನು ಗೆರೆಯಿಂದ ತಿಳಿಯುವವರ ಹೆಂಡತಿ ನಾನೆಂದು ನನಗೆಷ್ಟು ಹೆಮ್ಮೆ! ಆದರೆ ಮಾವನವರಿಗೆ ಏನು ತೋರಿಸುತ್ತೀರಿ?

ಅತ್ತೆಯವರ ಆಶೀರ್ವಾದ ನಿಮ್ಮ ಮೇಲಿದೆ. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ
ಶಿವಕಾಂತಾ

ತಾ.ಕ.: ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ. ನುಂಗಿದ ಸಾಲು ಅರಗಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಮಾವನವರ ಜೊತೆ ನೇರವಾಗಿ ಮಾತಾಡಿದೆ: "ಅದು ಬರೀ ಚುಕ್ಕಿ ಹಾಂಗ ಕಾಣ್ತದರಿ ಮಾವಾರ, ಮತ್ತೇನೂ ಕಾಣಂಗಿಲ್ಲ." ಅವರು ರುಮಾಲು ಸುತ್ತುವುದನ್ನು ನಿಲ್ಲಿಸಿದರು. "ಚುಕ್ಕಿ ಕಂಡ್ರ ಸಾಕವಾ. ಉಳಿದದ್ದು ನನ್ನ ಮಗ ಹೇಳ್ತಾನ, ನಾ ಕೇಳ್ತೇನಿ" ಎಂದರು.